ಕಿಲ್ಕೆನ್ನಿಯ ಚಿತ್ರಕಾರನೂ ನಮ್ಮ ಮಕ್ಕಳ ಕಾರ್ಟೂನೂ

1366ನೆಯ ಇಸವಿಯಲ್ಲಿ ಐರ್ಲೆಂಡಿನ ಕಿಲ್ಕೆನ್ನಿ ಎಂಬ ಊರಿನಲ್ಲಿ ಸೇರಿದ ಶಾಸನಸಭೆಯೊಂದು ಕೆಲವು ಕಟ್ಟಳೆಗಳನ್ನು ಹೊರಡಿಸಿತು. ಐರ್ಲೆಂಡಿನಲ್ಲಿ ನೆಲಸಿದ ಇಂಗ್ಲಿಷರು ಐರಿಷ್ ಭಾಷೆಯನ್ನಾಡಕೂಡದು, ಐರಿಷ್ ಹೆಸರಿಟ್ಟುಕೊಳ್ಳಕೂಡದು, ಐರಿಷರೊಡನೆ ಕೊಟ್ಟು ತರುವ ಸಂಬಂಧ ಬೆಳೆಸಕೂಡದು, ಐರಿಷ್ ಕತೆಗಾರರನ್ನೂ ಹಾಡುಗಾರರನ್ನೂ ತಮ್ಮ ನಡುವೆ ಬರಗೊಡಕೂಡದು. ಭಾಷೆಯ ಕಟ್ಟಳೆಯನ್ನು ಮೀರಿದವನ ಭೂಮಿ ಮುಟ್ಟುಗೋಲು. ಇದರಲ್ಲಿ ಒಂದು ತಮಾಷೆಯೂ ಉಂಟು. ಇಂಗ್ಲಿಷಿನ ರಕ್ಷಣೆಗೆಂದು ಹೊರಟ ಈ ಕಟ್ಟಳೆಗಳನ್ನು ಬರೆದದ್ದು ಇಂಗ್ಲಿಷಿನಲ್ಲಲ್ಲ, ಆಗಿನ ಆಳುವವರ ನಾರ್ಮನ್ ಫ್ರೆಂಚಿನಲ್ಲಿ. ಜನರು ಆಡುವುದು ಒಂದು ಭಾಷೆ, ಸರಕಾರ ಬರೆಯುವುದು ಇನ್ನೊಂದು ಎಂಬ ಪರಿಸ್ಥಿತಿಯನ್ನು ಗಡಿನಾಡಿನ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ.

ಅದೇ ಕಿಲ್ಕೆನ್ನಿಯಲ್ಲಿ, 633 ವರ್ಷಗಳ ಬಳಿಕ, ಅಂದರೆ 1999ರಲ್ಲಿ, ಕೆಲವು ಎಳೆಯರು ಸೇರಿ ಕಾರ್ಟೂನ್ ಚಿತ್ರ ತಯಾರಿಸುವ ಒಂದು ಸ್ಟುಡಿಯೋ ತೆರೆದರು. ಹೆಸರು ಕಾರ್ಟೂನ್ ಸಲೂನ್. ಸಲೂನ್ ಎಂದರೆ ನಮ್ಮ ಕಡೆ ಕ್ಷೌರದಂಗಡಿ. ಅಲ್ಲಿ ಹಾಗಲ್ಲ, ನಾಲ್ಕು ಜನ ಕೂಡಿ ಮಾತನಾಡುವ ಜಾಗ. ಸ್ಥಾಪಕರಲ್ಲಿ ಮುಖ್ಯರಾದ ಮೂವರು ಟಾಮ್ ಮೂರ್, ನೋರಾ ಟೂಮಿ ಮತ್ತು ಪಾಲ್ ಯಂಗ್. ಇವರಲ್ಲಿ ಟಾಮ್ ಮೂರ್ ಎಂಬವರ ಕೆಲಸದ ಕುರಿತು ಇಂದು ನಾಲ್ಕು ಮಾತು ಬರೆಯಬೇಕೆಂದು ನಮಗನಿಸಿದೆ. ಎಲ್ಲಿಯ ಐರ್ಲೆಂಡು, ಎಲ್ಲಿಯ ಕಾಸರಗೋಡು, ಹೈಸ್ಕೂಲು ಮಾಸ್ತರನಿಗೆ ಕಾರ್ಟೂನಿನ ಗೊಡವೆ ಏಕೆ ಎಂದು ಕೇಳುವವರು ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಬೇಕು.

ಮೊದಲು ಆ ದೇಶದ ಭಾಷೆಯ ಕತೆ. ಐರಿಷ್ ಭಾಷೆಯನ್ನು ಕಟ್ಟಳೆಗಳು ಕೊಲ್ಲಲಿಲ್ಲ. 1366ರ ಬಳಿಕವೂ ಶತಮಾನಗಳ ಕಾಲ ಅದು ಚೆನ್ನಾಗಿಯೇ ಬದುಕಿತ್ತು. ಪೆಟ್ಟು ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1831ರಿಂದ ದೇಶದಾದ್ಯಂತ ಸರಕಾರಿ ಶಾಲೆಗಳು ಬಂದವು, ಪಾಠವೆಲ್ಲ ಇಂಗ್ಲಿಷಿನಲ್ಲಿ. 1845ರಿಂದ ಬಟಾಟೆ ಬೆಳೆಗೆ ರೋಗ ತಗಲಿ ಭೀಕರ ಕ್ಷಾಮ ಬಂತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. ಸತ್ತವರಲ್ಲೂ ಹೋದವರಲ್ಲೂ ಬಡ ಐರಿಷ್ ಭಾಷಿಕರೇ ಹೆಚ್ಚು. ಇನ್ನು ಶಾಲೆಯೊಳಗೆ ನಡೆದದ್ದನ್ನು ಮಾಸ್ತರರಾದ ನಾವು ತಲೆ ತಗ್ಗಿಸಿಯೇ ಓದಬೇಕು. ಮಗುವಿನ ಕೊರಳಿಗೆ ಒಂದು ಕೋಲಿನ ತುಂಡು ಕಟ್ಟುತ್ತಿದ್ದರು. ಮಗು ಐರಿಷ್ ಮಾತನಾಡಿದಾಗಲೆಲ್ಲ ಅದರಲ್ಲಿ ಒಂದು ಕಚ್ಚು. ದಿನದ ಕೊನೆಗೆ ಕಚ್ಚುಗಳನ್ನು ಎಣಿಸಿ ಅಷ್ಟು ಪೆಟ್ಟು. ಕೆಲವೆಡೆ ಮನೆಯಲ್ಲಿ ಆಡಿದ ಮಾತಿಗೆ ಕಚ್ಚು ಹಾಕುತ್ತಿದ್ದವರು ಸ್ವತಃ ಹೆತ್ತವರೇ! ಮಗ ಇಂಗ್ಲಿಷ್ ಕಲಿತರೆ ಅಮೇರಿಕಕ್ಕೆ ಹೋಗಿಯಾದರೂ ಬದುಕಿಕೊಂಡಾನು ಎಂಬ ಆಸೆ ಅವರದು. ಅವರನ್ನು ಕ್ರೂರಿಗಳೆನ್ನಲು ನಮಗೆ ಮನಸ್ಸು ಬಾರದು. ಇವತ್ತು ಕೊರಳಿಗೆ ಕೋಲು ಕಟ್ಟದೆಯೂ ಅದೇ ಆಸೆಯಿಂದ ಅದೇ ದಾರಿ ಹಿಡಿದವರು ನಮ್ಮಲ್ಲೂ ಕಡಮೆಯಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಐರ್ಲೆಂಡು ತನ್ನ ಭಾಷೆಗೆ ಕೊಡಬಹುದಾದ ಗೌರವವನ್ನೆಲ್ಲ ಕೊಟ್ಟಿತು. 1937ರ ಸಂವಿಧಾನದಲ್ಲಿ ಐರಿಷ್ ರಾಷ್ಟ್ರಭಾಷೆ ಮತ್ತು ಮೊದಲನೆಯ ಅಧಿಕೃತ ಭಾಷೆ. ಶಾಲೆಗಳಲ್ಲಿ ಅದನ್ನು ಎಲ್ಲರೂ ಕಲಿಯಬೇಕು. 1972ರಲ್ಲಿ ಐರಿಷ್ ಬಾನುಲಿ, 1996ರಲ್ಲಿ ಐರಿಷ್ ಟಿ.ವಿ. ಚಾನೆಲು, 2007ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಅಧಿಕೃತ ಸ್ಥಾನ. ಫಲವೇನು? 2022ರ ಜನಗಣತಿಯಲ್ಲಿ ತಮಗೆ ಐರಿಷ್ ಬರುತ್ತದೆ ಎಂದು ಹೇಳಿಕೊಂಡವರು ಸುಮಾರು 18 ಲಕ್ಷ 74 ಸಾವಿರ, ಅಂದರೆ ನೂರಕ್ಕೆ ನಲ್ವತ್ತು ಮಂದಿ. ಶಾಲೆಯ ಹೊರಗೆ ದಿನನಿತ್ಯ ಅದನ್ನು ಆಡುವವರೆಷ್ಟು? 72 ಸಾವಿರಕ್ಕೂ ಕೆಳಗೆ. ಆರು ವರ್ಷ ಹಿಂದಿನ ಗಣತಿಗಿಂತಲೂ ಈ ಸಂಖ್ಯೆ ಇಳಿದಿದೆ. ಬೆತ್ತ ಹಿಡಿದು ಒಂದು ಭಾಷೆಯನ್ನು ಮಕ್ಕಳ ಬಾಯಿಯಿಂದ ಓಡಿಸುವುದು ಸುಲಭವಾಯಿತು. ಮಾರ್ಕು ಕೊಟ್ಟು ಅದನ್ನು ತಿರುಗಿ ಬಾಯಿಗೆ ತರುವುದು ಸುಲಭವಾಗಲಿಲ್ಲ. ಪರೀಕ್ಷೆಗೆ ಕಲಿತ ಭಾಷೆ ಪರೀಕ್ಷೆಯೊಂದಿಗೆ ಮುಗಿಯಿತು.

ಇಂಥ ನಾಡಿನಲ್ಲಿ ಬೆಳೆದವರು ಟಾಮ್ ಮೂರ್. ಹುಟ್ಟಿದ್ದು 1977ರಲ್ಲಿ, ಉತ್ತರ ಐರ್ಲೆಂಡಿನ ನ್ಯೂರಿಯಲ್ಲಿ. ಬೆಳೆದದ್ದು ಕಿಲ್ಕೆನ್ನಿಯಲ್ಲಿ. ಕಿಲ್ಕೆನ್ನಿ ಎಂದರೆ ದೊಡ್ಡ ಶಹರವಲ್ಲ. ಇವತ್ತಿಗೂ ಜನಸಂಖ್ಯೆ ಸುಮಾರು 27 ಸಾವಿರ. ನೋರ್ ಎಂಬ ಹೊಳೆ, ಹೊಳೆಯ ದಡದಲ್ಲಿ ಹಳೆಯ ಕೋಟೆ, ಇಕ್ಕಟ್ಟಾದ ಓಣಿಗಳು, ಕಲ್ಲಿನ ಇಗರ್ಜಿಗಳು. ಆ ಊರಿನಲ್ಲಿ ಹುಡುಗರಿಗೆ ಸಿನಿಮಾ ತೆಗೆಯಲು ಕಲಿಸುವ ಒಂದು ಸಂಘವಿತ್ತು, ಈಗಲೂ ಉಂಟು. ಹದಿಹರೆಯದ ಮೂರ್ ಅಲ್ಲಿಗೆ ಹೋಗಿ ಚಿತ್ರ ಬರೆದು ಓಡಾಡಿಸಲು ಕಲಿತರು. ದೊಡ್ಡ ಶಹರದ ಯಾವ ಅನುಕೂಲವೂ ಇಲ್ಲದ ಊರಿನಲ್ಲಿ ಇಂಥ ಒಂದು ಸಂಘ ಇದ್ದದ್ದರಿಂದ ಏನಾಯಿತೆಂಬುದನ್ನು ಮುಂದೆ ನೋಡಲಿಕ್ಕಿದೆ.

ಬಳಿಕ ಅವರು ಸೇರಿದ್ದು ಡಬ್ಲಿನ್ನಿನ ಬ್ಯಾಲಿಫರ್ಮಟ್ ಕಾಲೇಜಿಗೆ. ಆ ಕಾಲೇಜಿನ ಆನಿಮೇಶನ್ ತರಗತಿಗೂ ಒಂದು ಹಿನ್ನೆಲೆಯಿದೆ. ಡಿಸ್ನಿ ಕಂಪೆನಿಯನ್ನು ಬಿಟ್ಟು ಬಂದ ಡಾನ್ ಬ್ಲೂಥ್ ಎಂಬ ಅಮೇರಿಕದ ಕಲಾವಿದರು 1980ರ ದಶಕದಲ್ಲಿ ತಮ್ಮ ಸ್ಟುಡಿಯೋವನ್ನು ಡಬ್ಲಿನ್ನಿಗೆ ತಂದರು. ಅದಕ್ಕೆ ಬೇಕಾದ ಕೆಲಸಗಾರರನ್ನು ತಯಾರು ಮಾಡಲು ಈ ತರಗತಿ ಆರಂಭವಾಯಿತು. 1995ರಲ್ಲಿ ಸ್ಟುಡಿಯೋ ಮುಚ್ಚಿತು, ಕಲಿತವರಲ್ಲಿ ಅನೇಕರು ಪರದೇಶಕ್ಕೆ ಹೋದರು. ಹೊರಗಿನ ಬಂಡವಾಳ ಬಂದಂತೆಯೇ ಹೋಗುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ತರಗತಿ ಉಳಿಯಿತು. ಕಾರ್ಖಾನೆ ಹೋಗಿ ಶಾಲೆ ಉಳಿದದ್ದು ಆ ದೇಶದ ಭಾಗ್ಯ. ಕಾರ್ಟೂನ್ ಸಲೂನಿನ ಸ್ನೇಹಿತರು ಒಬ್ಬರನ್ನೊಬ್ಬರು ಕಂಡುಕೊಂಡದ್ದು ಅಲ್ಲಿಯೇ. ನೋರಾ ಟೂಮಿ ಹದಿನೈದನೆಯ ವಯಸ್ಸಿಗೆ ಶಾಲೆ ಬಿಟ್ಟು ಕಾರ್ಖಾನೆಯಲ್ಲಿ ದುಡಿದು ಆಮೇಲೆ ಚಿತ್ರಕಲೆಗೆ ಬಂದವರು. ಶಾಲೆ ಬಿಟ್ಟವರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಹೊಡೆದುಹಾಕುವ ನಮ್ಮಂಥವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ತರಗತಿ ಮುಗಿಸಿದವರೆಲ್ಲ ಡಬ್ಲಿನ್ನಿಗೋ ಲಂಡನ್ನಿಗೋ ಲಾಸ್ ಏಂಜಲಿಸ್ಸಿಗೋ ಹೋಗುವುದು ವಾಡಿಕೆ. ಇವರು ಕಿಲ್ಕೆನ್ನಿಗೆ ಮರಳಿದರು. ಆರಂಭದಲ್ಲಿ ಹೊಟ್ಟೆಪಾಡಿಗೆ ಜಾಹೀರಾತು, ವೆಬ್‌ಸೈಟುಗಳ ಕೆಲಸ. ಜತೆಯಲ್ಲೇ ಕಾಲೇಜಿನ ದಿನಗಳಿಂದ ತಲೆಯಲ್ಲಿ ಕುಳಿತಿದ್ದ ಒಂದು ಕತೆ. ಅದು ಚಿತ್ರವಾಗಿ ತೆರೆಗೆ ಬರಲು ಹತ್ತು ವರ್ಷ ಹಿಡಿಯಿತು. 2009ರಲ್ಲಿ ಬಂದ ಆ ಚಿತ್ರದ ಹೆಸರು 'ದಿ ಸೀಕ್ರೆಟ್ ಆಫ್ ಕೆಲ್ಸ್'. ಕ್ರಿಸ್ತಶಕ 800ರ ಸುಮಾರಿಗೆ ಸಂನ್ಯಾಸಿಗಳು ಕರುವಿನ ಚರ್ಮದ ಹಾಳೆಯ ಮೇಲೆ ಬರೆದು ಬಣ್ಣ ತುಂಬಿದ 'ಕೆಲ್ಸ್ ಗ್ರಂಥ' ಎಂಬ ಹಸ್ತಪ್ರತಿಯೊಂದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಉಳಿದಿರುವುದು 340 ಹಾಳೆಗಳು. ನಾಲ್ಕು ಸುವಾರ್ತೆಗಳ ಲ್ಯಾಟಿನ್ ಪಾಠ ಅದು. ಆದರೆ ಜನ ಮುಗಿಬಿದ್ದು ನೋಡುವುದು ಅದರ ಅಕ್ಷರಗಳಲ್ಲಿ ಹೆಣೆದುಕೊಂಡ ಬಳ್ಳಿ, ಹಾವು, ಹಕ್ಕಿ, ಬೆಕ್ಕುಗಳನ್ನು. ವೈಕಿಂಗರು ಊರೂರು ಸುಡುತ್ತಿದ್ದ ಕಾಲದಲ್ಲಿ ಗೋಡೆ ಕಟ್ಟುವುದು ಮುಖ್ಯವೋ ಗ್ರಂಥ ಬರೆಯುವುದು ಮುಖ್ಯವೋ ಎಂಬ ಪ್ರಶ್ನೆಯ ಸುತ್ತ ಕತೆ ನಡೆಯುತ್ತದೆ. ಮಠಾಧಿಪತಿ ಗೋಡೆ ಕಟ್ಟಿಸುತ್ತಾನೆ. ಅವನ ಅಣ್ಣನ ಮಗ, ಹನ್ನೆರಡರ ಹುಡುಗ ಬ್ರೆಂಡನ್, ಕದ್ದು ಗೋಡೆ ದಾಟಿ ಕಾಡಿಗೆ ಹೋಗಿ ಶಾಯಿ ಮಾಡುವ ಕಾಯಿ ತರುತ್ತಾನೆ. ಕೊನೆಗೆ ಗೋಡೆ ಬೀಳುತ್ತದೆ, ಗ್ರಂಥ ಉಳಿಯುತ್ತದೆ.

ಈ ಚಿತ್ರವನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಅದರ ಚಪ್ಪಟೆತನ. ಆಗ ಎಲ್ಲೆಲ್ಲೂ ಕಂಪ್ಯೂಟರಿನಲ್ಲಿ ಉಬ್ಬಿಸಿದ, ನಿಜವಾದ ಗೊಂಬೆಯಂತೆ ಕಾಣುವ ಚಿತ್ರಗಳ ಕಾಲ. ಅದೇ 2009ರಲ್ಲಿ ಪಿಕ್ಸಾರ್ ಕಂಪೆನಿಯ 'ಅಪ್' ಬಂತು. ಖರ್ಚು ಹದಿನೇಳೂವರೆ ಕೋಟಿ ಡಾಲರು. ಮೂರ್ ಅವರ ಚಿತ್ರಕ್ಕೆ ಸುಮಾರು 80 ಲಕ್ಷ ಡಾಲರು. ಅದೂ ಐರ್ಲೆಂಡ್, ಫ್ರಾನ್ಸ್, ಬೆಲ್ಜಿಯಂ ಮೂರು ಕಡೆಯಿಂದ ಒಟ್ಟುಗೂಡಿಸಿದ್ದು. ಹಣದಲ್ಲಿ ಸೆಣಸುವಂತಿರಲಿಲ್ಲ. ಹಾಗಾಗಿ ಅವರು ತಮ್ಮ ಮನೆಯಲ್ಲೇ ಇದ್ದುದನ್ನು ತೆಗೆದರು. ಹಸ್ತಪ್ರತಿಯ ಚಿತ್ರದಲ್ಲಿ ದೂರ ಹತ್ತಿರವೆಂಬ ಲೆಕ್ಕವಿಲ್ಲ, ನೆರಳಿಲ್ಲ, ಎಲ್ಲವೂ ಸುರುಳಿ ಮತ್ತು ಗೆರೆ. ಇಡೀ ಚಿತ್ರವನ್ನು ಅದೇ ರೀತಿಯಲ್ಲಿ ಬರೆದರು. ಕಾಡಿನ ಮರ ಅಕ್ಷರದ ಬಳ್ಳಿಯಂತೆ ಸುತ್ತಿಕೊಂಡಿತು. ವೈಕಿಂಗರು ಕಪ್ಪು ಚೌಕಗಳಾಗಿ ಬಂದರು. ಜಪಾನಿನ ಮಿಯಾಜಾಕಿ ತಮ್ಮ ನಾಡಿನ ಕತೆಗಳಿಂದ ಚಿತ್ರ ಮಾಡಿದ್ದನ್ನೂ, ರಿಚರ್ಡ್ ವಿಲಿಯಮ್ಸ್ ಪರ್ಷಿಯಾದ ಕಿರುಚಿತ್ರಗಳ ಶೈಲಿಯನ್ನು ತೆರೆಗೆ ತಂದದ್ದನ್ನೂ ನೋಡಿ, ನಮ್ಮ ನಾಡಿನ ಚಿತ್ರಕಲೆಯಿಂದ ನಾವೇಕೆ ಮಾಡಬಾರದು ಎಂದು ಹೊರಟವರಿವರು.

ಕೆಲಸದ ಪ್ರಮಾಣವನ್ನು ಮಕ್ಕಳ ಲೆಕ್ಕದಲ್ಲೇ ಹೇಳುವುದಾದರೆ, ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸಿದರೂ ಸೆಕೆಂಡಿಗೆ 12 ಬರೆಯಬೇಕು. ಎಪ್ಪತ್ತೈದು ನಿಮಿಷಕ್ಕೆ ಗುಣಿಸಿದರೆ 54 ಸಾವಿರ. ಅದೂ ತೆರೆಯ ಮೇಲೆ ಒಬ್ಬನೇ ಇದ್ದರೆ, ಇಬ್ಬರಿದ್ದರೆ ಇಮ್ಮಡಿ. ಒಬ್ಬನಿಂದ ಆಗುವ ಕೆಲಸವಲ್ಲ ಇದು. ಒಬ್ಬ ಪ್ರತಿಭಾವಂತನ ಕತೆಯೆಂದು ಇದನ್ನು ಹೇಳಿದರೆ ತಪ್ಪಾಗುತ್ತದೆ. ನಮ್ಮಲ್ಲಿ ಕಲಾವಿದರಿಗೆ ಬರವಿಲ್ಲ, ಒಟ್ಟಿಗೆ ಕುಳಿತು ಹತ್ತು ವರ್ಷ ಒಂದೇ ಕೆಲಸ ಮಾಡುವವರಿಗೆ ಬರ. ಸಂಘ ಕಟ್ಟಿದ ಮರುವರ್ಷವೇ ಎರಡಾಗಿ ಒಡೆಯುವ ನಮ್ಮ ಅಭ್ಯಾಸ ಎಲ್ಲರಿಗೂ ಗೊತ್ತಿದ್ದದ್ದೇ.

'ಕೆಲ್ಸ್' ಚಿತ್ರ ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂದಾಗ ಹಾಲಿವುಡ್ಡಿನವರೇ ಇದಾವುದು ಎಂದು ಹುಡುಕಿದರಂತೆ. ಗೆದ್ದದ್ದು 'ಅಪ್'. 2014ರಲ್ಲಿ ಮೂರ್ ಅವರ 'ಸಾಂಗ್ ಆಫ್ ದಿ ಸೀ', 2017ರಲ್ಲಿ ನೋರಾ ಟೂಮಿ ಅಫ್ಘಾನಿಸ್ತಾನದ ಹುಡುಗಿಯೊಬ್ಬಳ ಕುರಿತು ಮಾಡಿದ 'ದಿ ಬ್ರೆಡ್‌ವಿನ್ನರ್', 2020ರಲ್ಲಿ ಮೂರ್ ಮತ್ತು ರಾಸ್ ಸ್ಟ್ಯೂವರ್ಟ್ ಒಟ್ಟಿಗೆ ಮಾಡಿದ 'ವುಲ್ಫ್‌ವಾಕರ್ಸ್'. ಮೊದಲ ನಾಲ್ಕು ಚಿತ್ರಗಳೂ ಅಂತಿಮ ಪಟ್ಟಿಗೆ ಹೋದವು, ನಾಲ್ಕೂ ಬರಿಗೈಯಲ್ಲಿ ಮರಳಿದವು. ಪ್ರಶಸ್ತಿ ಬಾರದೆಯೂ ಕೆಲಸ ನಿಲ್ಲಲಿಲ್ಲ. 2017ರಲ್ಲಿ ಕೆನಡಾದ ಕಂಪೆನಿಯೊಂದರ ಜತೆಗೂಡಿ ಅದೇ ಊರಿನಲ್ಲಿ ಇನ್ನೊಂದು ಸ್ಟುಡಿಯೋ ತೆರೆದರು. ಚಿತ್ರ ಬರೆಯಲು ಬಲ್ಲವರು ಈಗ ಹೊರದೇಶಗಳಿಂದ ಕಿಲ್ಕೆನ್ನಿಗೆ ಬರುತ್ತಾರೆ.

ಈ ಚಿತ್ರಗಳಲ್ಲಿ ನಮ್ಮ ಮನಸ್ಸನ್ನು ಹೆಚ್ಚು ಕಾಡಿದ್ದು 'ಸಾಂಗ್ ಆಫ್ ದಿ ಸೀ'. ಅದು ಹುಟ್ಟಿದ ಬಗೆಯನ್ನು ಮೂರ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಪಶ್ಚಿಮದ ಡಿಂಗಲ್ ಕರಾವಳಿಗೆ ಮನೆಮಂದಿಯೊಂದಿಗೆ ಹೋಗಿದ್ದಾಗ ಕಡಲ ತಡಿಯಲ್ಲಿ ಸತ್ತ ಸೀಲ್ ಪ್ರಾಣಿಗಳನ್ನು ಕಂಡರಂತೆ. ಮೀನು ಕಡಮೆಯಾದದ್ದಕ್ಕೆ ಸೀಲ್‌ಗಳೇ ಕಾರಣವೆಂದು ಅವನ್ನು ಕೊಂದಿದ್ದರು. ಹಿಂದಿನ ಕಾಲದಲ್ಲಾದರೆ ಹೀಗೆ ಮಾಡುತ್ತಿರಲಿಲ್ಲ ಎಂದು ಅಲ್ಲಿಯ ಹೆಂಗಸೊಬ್ಬರು ಹೇಳಿದರಂತೆ. ಏಕೆಂದರೆ ಸೀಲ್‌ಗಳು ಕಡಲಿನಲ್ಲಿ ಸತ್ತವರ ಆತ್ಮ, ಕೆಲವು ಸೀಲ್‌ಗಳು ಚರ್ಮ ಕಳಚಿ ಹೆಣ್ಣಾಗುತ್ತವೆ ಎಂದು ಹಿಂದಿನವರು ನಂಬಿದ್ದರು. ಆ ಕತೆ ಬಲ್ಲವರು ಸೀಲಿಗೆ ಕಲ್ಲೆಸೆಯಲು ಹೆದರುತ್ತಿದ್ದರು. ಕತೆ ಮರೆಯಿತು, ಹೆದರಿಕೆಯೂ ಹೋಯಿತು.

ಇದನ್ನು ಓದುವಾಗ ನಮಗೆ ತಟ್ಟನೆ ನೆನಪಾದದ್ದು ನಾಗಬನ. ಸೊಪ್ಪು ಕಡಿಯಬಾರದು, ಒಣಗಿದ ಕೊಂಬೆಯನ್ನೂ ಒಲೆಗೆ ಒಯ್ಯಬಾರದು ಎಂದು ಅಜ್ಜಿಯಂದಿರು ಹೇಳಿದ ಕತೆಗಳ ಬಲದಿಂದಲೇ ನಮ್ಮೂರುಗಳಲ್ಲಿ ಒಂದಿಷ್ಟು ಹಳೆಯ ಮರಗಳು ಉಳಿದವು. ಕತೆ ಹೋದಲ್ಲಿ ಬನ ಹೋಗಿ ಸಿಮೆಂಟಿನ ಕಟ್ಟೆ ಬಂತು. ಭಾಷೆಯ ಪ್ರಶ್ನೆಯೂ ಇದರೊಳಗೇ ಇದೆ. ಕತೆ ಗಾಳಿಯಲ್ಲಿ ನಿಲ್ಲುವುದಿಲ್ಲ, ಯಾವುದೋ ಒಂದು ಬಾಯಿಯಲ್ಲಿ ನಿಲ್ಲುತ್ತದೆ. ಅಜ್ಜಿಯ ಮಾತು ಮೊಮ್ಮಗನಿಗೆ ತಿಳಿಯದೆ ಹೋದ ದಿನ ಕತೆಯೂ ಹೋಯಿತು. ಚಿತ್ರದಲ್ಲಿ ಮಾತೇ ಬಾರದ ಆರು ವರ್ಷದ ಹುಡುಗಿ ಸೀರ್ಶಾ ಇದ್ದಾಳೆ. ತಾಯಿಯ ಹಾಡು ಅವಳ ಬಾಯಿಗೆ ಬರುವ ತನಕ ಆ ನಾಡಿನ ದೇವತೆಗಳೆಲ್ಲ ಕಲ್ಲಾಗಿ ನಿಂತಿರುತ್ತಾರೆ. ಇದಕ್ಕಿಂತ ಹೆಚ್ಚಾಗಿ ಯಾವ ಭಾಷಾ ಸಮ್ಮೇಳನದ ಅಧ್ಯಕ್ಷರೂ ಹೇಳಿದ್ದನ್ನು ನಾವು ಕೇಳಿಲ್ಲ.

'ವುಲ್ಫ್‌ವಾಕರ್ಸ್' ನಡೆಯುವುದು 1650ರ ಕಿಲ್ಕೆನ್ನಿಯಲ್ಲಿ. ಕ್ರಾಮ್‌ವೆಲ್ಲನ ಇಂಗ್ಲಿಷ್ ಸೈನ್ಯ ಆ ಊರನ್ನು ಗೆದ್ದ ವರ್ಷ ಅದು. ಕಾಡು ಕಡಿದು ತೋಳಗಳನ್ನು ನಿರ್ಮೂಲ ಮಾಡಬೇಕೆಂಬುದು ಆಳುವವನ ಹುಕುಂ. ತೋಳ ಕೊಂದವರಿಗೆ ಬಹುಮಾನ ಘೋಷಿಸಿದ್ದು ಚರಿತ್ರೆಯಲ್ಲೂ ಉಂಟು, ಹದಿನೆಂಟನೆಯ ಶತಮಾನ ಮುಗಿಯುವುದರೊಳಗೆ ಐರ್ಲೆಂಡಿನಲ್ಲಿ ತೋಳಗಳು ಇಲ್ಲವಾದವು. ಚಿತ್ರದಲ್ಲಿ ಊರನ್ನು ಮರದ ಅಚ್ಚಿನಿಂದ ಮುದ್ರಿಸಿದಂತೆ ನೇರ ಗೆರೆಗಳಲ್ಲಿ ಬರೆದಿದ್ದಾರೆ. ಕಾಡನ್ನು ಪೆನ್ಸಿಲಿನ ಸಡಿಲ ಗೆರೆಗಳಲ್ಲಿ, ಮೊದಲು ಎಳೆದ ಕಚ್ಚಾ ಗೆರೆಯನ್ನೂ ಅಳಿಸದೆ ಬಿಟ್ಟಿದ್ದಾರೆ. ಯಾರು ಯಾರನ್ನು ಪಂಜರದಲ್ಲಿಟ್ಟಿದ್ದಾರೆಂಬುದು ಮಾತಿಲ್ಲದೆ ಗೆರೆಯಿಂದಲೇ ತಿಳಿಯುತ್ತದೆ. ಅಷ್ಟಾಗಿಯೂ ಇಂಗ್ಲಿಷರನ್ನೆಲ್ಲ ರಾಕ್ಷಸರೆಂದು ತೋರಿಸಿಲ್ಲ. ಕತೆಯ ನಾಯಕಿಯೇ ಇಂಗ್ಲಿಷ್ ಬೇಟೆಗಾರನ ಮಗಳು. ಕಾಡಿನ ಐರಿಷ್ ಹುಡುಗಿಯೊಂದಿಗೆ ಅವಳದು ಗೆಳೆತನ. ನಾವು ಮಲಯಾಳಿ ನೆರೆಹೊರೆಯವರೊಡನೆ ಕೂಡಿ ಬಾಳುವವರು. ಹಕ್ಕು ಕೇಳುವಾಗಲೂ ಹಗೆ ಬೆಳೆಸದಿರುವ ಈ ಗುಣ ನಮಗೆ ಹಿಡಿಸಿತು.

ಹೊಗಳಿಕೆ ಸಾಕು. ಒಂದು ಆಕ್ಷೇಪವನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಐರಿಷ್ ಕತೆಗಳನ್ನು ಹೇಳುವ ಈ ದೊಡ್ಡ ಚಿತ್ರಗಳ ಮೂಲಭಾಷೆ ಇಂಗ್ಲಿಷು. ಐರಿಷ್ ಬರುವುದು ಒಗ್ಗರಣೆಯಷ್ಟು: ಒಂದು ಹಾಡು, ನಾಲ್ಕು ಹೆಸರು, ಬೆಕ್ಕಿನ ಹೆಸರೊಂದು. ಜಗತ್ತಿನ ಮಾರುಕಟ್ಟೆಗೆ ಹೋಗಬೇಕಾದರೆ ಬೇರೆ ದಾರಿಯಿರಲಿಲ್ಲವೆಂದು ಅವರು ಹೇಳಬಹುದು, ಅದು ಸುಳ್ಳೂ ಅಲ್ಲ. ಆದರೆ ಕತೆ ಉಳಿದು ಭಾಷೆ ಹೋದರೆ ಉಳಿದದ್ದು ಅರ್ಧವೇ ಸರಿ. ಅವರಿಗೂ ಇದು ಗೊತ್ತಿಲ್ಲದ್ದಲ್ಲ. 2004ರಲ್ಲಿಯೇ ನೋರಾ ಟೂಮಿ 'ಕೂಲೀನ್ ದೂಅಲಖ್' ಎಂಬ ಕಿರುಚಿತ್ರವನ್ನು ಐರಿಷಿನಲ್ಲಿ ಮಾಡಿದ್ದರು. ತಲೆ ಹಿಂದುಮುಂದಾಗಿ ಹುಟ್ಟಿದ ಹುಡುಗನೊಬ್ಬನ ಕತೆ ಅದು. 'ಸಾಂಗ್ ಆಫ್ ದಿ ಸೀ' ಐರಿಷಿನಲ್ಲೂ ಸಿದ್ಧವಾಯಿತು. ಇಂಗ್ಲಿಷಿನಲ್ಲಿ ಮಾತು ಕೊಟ್ಟಿದ್ದ ಪ್ರಸಿದ್ಧ ನಟ ಬ್ರೆಂಡನ್ ಗ್ಲೀಸನ್ ಅವರೇ ಐರಿಷಿನಲ್ಲೂ ಮಾತು ಕೊಟ್ಟರು. ದೊಡ್ಡ ನಟನಾದವನು ಸಣ್ಣ ಭಾಷೆಗೆ ಹೀಗೆ ಒಂದು ದಿನದ ಕೆಲಸ ಕೊಟ್ಟರೆ ಮಕ್ಕಳ ಕಣ್ಣಿನಲ್ಲಿ ಆ ಭಾಷೆಯ ಬೆಲೆ ಎಷ್ಟು ಏರುತ್ತದೆಂಬುದನ್ನು ಯೋಚಿಸಬೇಕು. 2023ರಲ್ಲಿ ಮಕ್ಕಳಿಗೆಂದೇ ಐರಿಷ್ ಭಾಷೆಯ ಪ್ರತ್ಯೇಕ ಟಿ.ವಿ. ಚಾನೆಲೂ ಆರಂಭವಾಯಿತು. ದಿನಕ್ಕೆ 72 ಸಾವಿರ ಜನವೂ ಆಡದ ಭಾಷೆಗೆ!

ನಮ್ಮ ಸ್ಥಿತಿ ತಲೆಕೆಳಗು. ನಮಗೆ ಸಂವಿಧಾನದ ಮೊದಲ ಭಾಷೆಯ ಪಟ್ಟವಿಲ್ಲ, ಜಿಲ್ಲೆಯಲ್ಲಿ ನಾವು ಅಲ್ಪಸಂಖ್ಯಾತರು. ಆದರೆ ಗಡಿಯಾಚೆ ಕೋಟಿಗಟ್ಟಲೆ ಜನ ಆಡುವ ಭಾಷೆ ನಮ್ಮದು. ಆದರೂ ನಮ್ಮ ಮನೆಯ ಪುಟ್ಟ ಮಗು ಅನ್ನದ ತುತ್ತು ನುಂಗುವುದು ಯಾವ ಭಾಷೆಯ ಕಾರ್ಟೂನು ನೋಡಿಕೊಂಡು? ಹಿಂದಿ, ಇಂಗ್ಲಿಷು, ಇಲ್ಲವೇ ಮಲಯಾಳ. ಕನ್ನಡ ಶಾಲೆಗೆ ಒಂದನೆಯ ತರಗತಿಗೆ ಬರುವ ಮಗುವಿಗೆ ಜಪಾನಿನ ನೀಲಿ ಬೆಕ್ಕಿನ ಹಿಂದಿ ಸಂಭಾಷಣೆ ಬಾಯಿಪಾಠ; ಮನೆಯ ಹಿತ್ತಿಲ ಮರದ ಹೆಸರು ಕನ್ನಡದಲ್ಲೂ ತುಳುವಿನಲ್ಲೂ ತಿಳಿಯದು. ಕನ್ನಡದಲ್ಲಿ ಮಕ್ಕಳ ಚಾನೆಲು ಇಲ್ಲವೆಂದಲ್ಲ, 2009ರಿಂದ ಚಿಂಟು ಟಿ.ವಿ. ಉಂಟು. ಆದರೆ ಅದರಲ್ಲಿ ಹೆಚ್ಚಿನದು ಬೇರೆ ಕಡೆ ತಯಾರಾದ ಚಿತ್ರಕ್ಕೆ ಕನ್ನಡದ ಮಾತು ಅಂಟಿಸಿದ್ದು. ಅದೂ ಬೇಕು, ಬೇಡವೆನ್ನುವುದಿಲ್ಲ. ಮಾತು ಕನ್ನಡವಾದರೂ ಆ ಊರು, ಆ ಮನೆ, ಆ ಅಜ್ಜಿ ನಮ್ಮವರಲ್ಲ. ಕನ್ನಡದ ಪ್ರತಿ ಮಗುವೂ ಬಲ್ಲ ಪುಣ್ಯಕೋಟಿಯ ಕತೆಯನ್ನು ಬೆಂಗಳೂರಿನ ರವಿಶಂಕರ್ ಎಂಬವರು ಜನರಿಂದ ಹಣ ಕೂಡಿಸಿ ಪೂರ್ಣಾವಧಿಯ ಆನಿಮೇಶನ್ ಚಿತ್ರ ಮಾಡಿದರು. 2020ರಲ್ಲಿ ಅದು ಬಿಡುಗಡೆಯಾಯಿತು, ಸಂಸ್ಕೃತದಲ್ಲಿ. ಅವರ ಸಾಹಸ ದೊಡ್ಡದು, ಸಂಸ್ಕೃತದ ಮೇಲಿನ ಅವರ ಪ್ರೀತಿಯನ್ನು ನಾವು ಆಕ್ಷೇಪಿಸುವವರಲ್ಲ. ಆದರೆ ಗೋವಿನ ಹಾಡು ಕನ್ನಡದ ಮಗುವಿಗೆ ಕನ್ನಡದಲ್ಲೇ ಮೊದಲು ಸಿಗಬೇಕಿತ್ತು ಎಂದು ಆಸೆಪಡುವುದು ಅಪರಾಧವೇ?

ಹೆತ್ತವರಲ್ಲಿ ಎರಡು ಬಗೆಯವರಿದ್ದಾರೆ. ಮಗು ಅಳದಿದ್ದರೆ ಸಾಕೆಂದು ಮೊಬೈಲನ್ನು ಕೈಗೆ ಕೊಡುವವರು ಒಂದು ಬಗೆ. ಕಾರ್ಟೂನೇ ಕೆಟ್ಟದು, ಓದು ಹಾಳಾಗುತ್ತದೆ ಎನ್ನುವವರು ಇನ್ನೊಂದು. ಇಬ್ಬರಿಗೂ ಕಾರ್ಟೂನೆಂದರೆ ಹೊತ್ತು ಕಳೆಯುವ ವಸ್ತು. ನಮ್ಮ ಅಭಿಪ್ರಾಯ ಬೇರೆ. ಯಕ್ಷಗಾನದ ಬೊಂಬೆಯಾಟವನ್ನು ನೋಡಿ ಬೆಳೆದ ಊರು ನಮ್ಮದು. ಮರದ ತುಂಡಿಗೆ ಬಣ್ಣ ಬಳಿದು, ದಾರ ಕಟ್ಟಿ, ಕತ್ತಲೆಯಲ್ಲಿ ಕುಳಿತ ಮಕ್ಕಳಿಗೆ ಅದು ಜೀವಂತ ಹನುಮಂತನೆಂದು ಅನಿಸುವಂತೆ ಕುಣಿಸುವುದಕ್ಕೂ ಮೂರ್ ಕಾಗದದ ಮೇಲೆ ಮಾಡುವುದಕ್ಕೂ ಜಾತಿ ಒಂದೇ. ಬೊಂಬೆಯಾಟ ನೋಡಿದರೆ ಮಗ ಕೆಟ್ಟುಹೋದಾನೆಂದು ನಮ್ಮ ಅಜ್ಜಂದಿರು ಯಾರೂ ಹೇಳಿದ್ದಿಲ್ಲ.

ಸಾಧನವಿಲ್ಲ ಎನ್ನುವಂತೆಯೂ ಇಲ್ಲ. ಕೇರಳ ಸರಕಾರ 2018ರಲ್ಲಿ ಹೈಸ್ಕೂಲುಗಳಲ್ಲಿ ಆರಂಭಿಸಿದ 'ಲಿಟ್ಲ್ ಕೈಟ್ಸ್' ಕೂಟಗಳಲ್ಲಿ ಮಕ್ಕಳಿಗೆ ಆನಿಮೇಶನ್ ಕಲಿಸುತ್ತಾರೆ. ಬೇಕಾದ ತಂತ್ರಾಂಶವೆಲ್ಲ ಉಚಿತ, ಕಂಪ್ಯೂಟರು ಶಾಲೆಯಲ್ಲೇ ಇದೆ. ಈ ವಿಚಾರದಲ್ಲಿ ಇಲ್ಲಿಯ ಸರಕಾರವನ್ನು ಮೆಚ್ಚದೆ ವಿಧಿಯಿಲ್ಲ. ಗಡಿಯಾಚೆಯ ಎಷ್ಟೋ ಕನ್ನಡ ಶಾಲೆಗಳಿಗೆ ಈ ಅನುಕೂಲ ಬಂದಿಲ್ಲ. ಆದರೆ ನಾವು ಕಂಡ ಮಟ್ಟಿಗೆ ನಮ್ಮ ಮಕ್ಕಳು ಆ ಯಂತ್ರದಲ್ಲಿ ಮಾಡುವುದೇನು? ನೀಲಿ ಆಕಾಶದಲ್ಲಿ ಒಂದು ವಿಮಾನ ಎಡದಿಂದ ಬಲಕ್ಕೆ ಹೋಗುತ್ತದೆ. ಒಂದು ಕಾರು ರಸ್ತೆಯಲ್ಲಿ ಹೋಗುತ್ತದೆ. ಅಭ್ಯಾಸಕ್ಕೆ ಅದು ಸರಿ. ಆಮೇಲೆ? ಕಲಿಸುವವರ ಕೈಯಲ್ಲಿ ಕತೆಯಿಲ್ಲ, ಕತೆ ಬಲ್ಲವರಿಗೆ ಕಂಪ್ಯೂಟರಿನ ಕೋಣೆಯಲ್ಲಿ ಕೆಲಸವಿಲ್ಲ. ಕನ್ನಡ ಪಂಡಿತರು ಒಂದು ಕೋಣೆಯಲ್ಲಿ, ಐ.ಟಿ. ಟೀಚರು ಇನ್ನೊಂದರಲ್ಲಿ, ಚಿತ್ರಕಲೆಯ ಮಾಸ್ತರರು ಇದ್ದ ಶಾಲೆ ಪುಣ್ಯದ ಶಾಲೆ. ಮೂವರೂ ವಾರಕ್ಕೊಂದು ಗಂಟೆ ಒಂದೇ ಬೆಂಚಿನಲ್ಲಿ ಕುಳಿತರೆ ಸಾಕಾಗುವ ಕೆಲಸ ಇದು.

ಶಾಲಾ ಕಲೋತ್ಸವದಲ್ಲಿ ವ್ಯಂಗ್ಯಚಿತ್ರದ ಸ್ಪರ್ಧೆಯುಂಟು, ಯಕ್ಷಗಾನದ ಸ್ಪರ್ಧೆಯೂ ಉಂಟು. ಯಕ್ಷಗಾನದ ವೇಷ ಕಟ್ಟಿದ ಹುಡುಗನೂ ವ್ಯಂಗ್ಯಚಿತ್ರ ಬರೆದ ಹುಡುಗಿಯೂ ಒಂದೇ ತರಗತಿಯವರು. ಅವಳ ಪೆನ್ಸಿಲಿಗೆ ಅವನ ಕಿರೀಟದ ಗೆರೆ ಏಕೆ ಸಿಗಬಾರದು? ಕೆಲ್ಸ್ ಗ್ರಂಥದ ಬಳ್ಳಿಗೆಲಸಕ್ಕಿಂತ ನಮ್ಮ ಬಣ್ಣದ ವೇಷದ ಮುಖವರ್ಣಿಕೆ ಯಾವ ವಿಧದಲ್ಲೂ ಬಡವಲ್ಲ. ಚಂದ್ರಗಿರಿಯ ಹೊಳೆಯೂ ಬೇಕಲದ ಕೋಟೆಯೂ ನೋರ್ ಹೊಳೆಗೂ ಕಿಲ್ಕೆನ್ನಿಯ ಕೋಟೆಗೂ ಸೋಲುವಂಥವಲ್ಲ. ಸೆಕೆಂಡಿಗೆ 12 ಚಿತ್ರದಂತೆ ಒಂದು ನಿಮಿಷದ ಕತೆಗೆ 720 ಚಿತ್ರ. ಇಪ್ಪತ್ತು ಮಕ್ಕಳು ಹಂಚಿಕೊಂಡರೆ ಒಬ್ಬೊಬ್ಬರಿಗೆ 36. ಒಂದು ಬೇಸಗೆ ರಜೆಯಲ್ಲಿ ಮುಗಿಯದ ಲೆಕ್ಕವಲ್ಲ. ಮಾತು ಕೊಡಲು ಮನೆಯಲ್ಲಿ ಅಜ್ಜಿಯಂದಿರು ಇದ್ದಾರೆ, ಇರುವಷ್ಟು ದಿನ.

ಊರಿನ ಕನ್ನಡ ಸಂಘಗಳಿಗೂ ಒಂದು ಮಾತು. ರಾಜ್ಯೋತ್ಸವಕ್ಕೆ ಧ್ವನಿವರ್ಧಕಕ್ಕೂ ಸನ್ಮಾನದ ಶಾಲಿಗೂ ಆಗುವ ಖರ್ಚಿನಲ್ಲಿ ಒಂದಂಶವನ್ನು ತೆಗೆದಿಟ್ಟರೆ, ಇಪ್ಪತ್ತು ಮಕ್ಕಳಿಗೆ ಹತ್ತು ದಿನದ ಚಿತ್ರ ಶಿಬಿರ ನಡೆಯುತ್ತದೆ. ಕಿಲ್ಕೆನ್ನಿಯ ಆ ಹುಡುಗರ ಸಂಘ ಮಾಡಿದ್ದು ಇಷ್ಟನ್ನೇ. ಶಾಲೆಗಳು ಅದಕ್ಕಿಂತ ಮೊದಲೇ ಒಂದು ಕೆಲಸ ಮಾಡಬಹುದು. 'ಸಾಂಗ್ ಆಫ್ ದಿ ಸೀ' ಚಿತ್ರದ ಅವಧಿ 93 ನಿಮಿಷ. ಮಧ್ಯಾಹ್ನದ ಮೇಲಿನ ಎರಡು ಮೂರು ಪೀರಿಯಡಿನಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಮಾತು ಎಂಟನೆಯ ತರಗತಿಯವರಿಗೆ ಪೂರ್ತಿ ಹಿಡಿಯಲಾರದು, ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಕತೆ ಹೇಳಲು ಒಬ್ಬ ಮಾಸ್ತರರು ಬೇಕಾದೀತು. ಚಿತ್ರ ಮುಗಿದ ಮೇಲೆ ಮಕ್ಕಳಿಗೆ ಒಂದೊಂದು ಬಿಳಿ ಕಾಗದ ಕೊಟ್ಟು, ನಿಮ್ಮೂರಿನಲ್ಲಿ ಕಲ್ಲಾಗಿ ನಿಂತಿರುವವರು ಯಾರು ಎಂದು ಕೇಳಿ ನೋಡಬೇಕು.